ಕೈ ತೋರಿಸಿದರೆ ನಿಲ್ಲುವ ರೈಲು

ನಾನು ಇಂಜಿನಿಯರ್ ಆಗುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ. ಬೆನ್ನ ಹಿಂದೆ ಹೇಳಲಿಲ್ಲ. ಆ ಮಟ್ಟಿಗೆ ಅವರು ಸಜ್ಜನರು. ಡಿಪ್ಲೊಮಾ ಮುಗಿಸಿದ್ದ ನಾನು, ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೀಟು ಸಿಕ್ಕಿದ ಕಾಗದ ಹಿಡಿದು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ನಿಂತಿದ್ದಾಗ, ಅಮ್ಮನ ಎದುರೇ ಹೇಳಿದರು: "ಮೊದಲು ಕಾರ್ಕಳಕ್ಕೆ ರೈಲು ಬರಲಿ. ಆ ರೈಲಿನಿಂದ ಇವಳು ಇಂಜಿನಿಯರ್ ಆಗಿ ಇಳಿಯಲಿ. ನಾನೇ ಬಂದು ಇವಳ ಬ್ಯಾಗು ಹಿಡಿಯುತ್ತೇನೆ, ಆಯ್ತಾ?"

ಈ ಮಾತಿನ ಸೊಗಸು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಉಡುಪಿಗೆ ರೈಲು ಬಂದು ಆಗ ಕೆಲವೇ ವರ್ಷ. ಕಾರ್ಕಳಕ್ಕೆ ಬಂದಿರಲಿಲ್ಲ. ಚುನಾವಣೆಯ ಭಾಷಣಗಳಲ್ಲಿ ಬರುತ್ತಿತ್ತು, ಮತ ಎಣಿಸಿದ ಮರುದಿನ ಹಿಂದೆ ಹೋಗುತ್ತಿತ್ತು. ಮಾವ ಮೀನಿನ ದೋಣಿ ನಡೆಸುವವರು. ಗಾಳಿಯ ದಿಕ್ಕು ನೋಡಿ ಇವತ್ತು ಬಲೆಗೆ ಬೀಳುವುದು ಬಂಗುಡೆಯೋ ಬೂತಾಯಿಯೋ ಎಂದು ದಡದಲ್ಲೇ ನಿಂತು ಹೇಳುತ್ತಿದ್ದರು, ಅದು ತಪ್ಪುತ್ತಲೂ ಇರಲಿಲ್ಲ. ಹಾಗಾಗಿ ನನ್ನ ವಿಷಯದಲ್ಲೂ ಊರು ಅವರನ್ನೇ ನಂಬಿತು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರು ಯಾರೂ ಇರಲಿಲ್ಲ. ದಾಟಿದವರಿಲ್ಲದ ಹೊಳೆಗೆ ಆಳ ಹೇಳುವವರು ಬಹಳ.

ನಾನು ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಹಗಲು ಕಾಲೇಜು, ಸಂಜೆ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ. ಅಮ್ಮ ಕಾಪುವಿನಿಂದ ಮೀನಿನ ಬುಟ್ಟಿ ಹೊತ್ತು ಅದೇ ಪರ್ಕಳಕ್ಕೆ ಬಂದು ಮನೆಮನೆಗೆ ಮಾರುತ್ತಿದ್ದಳು. ಮಗಳ ಕಾಲೇಜಿನವರು ಯಾರಾದರೂ ಎದುರಾದರೆ ಅವಳೇ ಬೇರೆ ಓಣಿ ಹಿಡಿಯುತ್ತಿದ್ದಳು. ಹಾಗೆ ಮಾಡಬೇಡ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಕೊನೆಯ ವರ್ಷ ಬಂತು, ಜೊತೆಗೆ ಪ್ರಾಜೆಕ್ಟು. ಏನಾದರೊಂದು ಯಂತ್ರ ಮಾಡಿ, ಹೊರಗಿನಿಂದ ಬರುವ ಪರೀಕ್ಷಕರ ಎದುರು ಓಡಿಸಿ ತೋರಿಸಬೇಕು. ಓಡದಿದ್ದರೆ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ. ಉಳಿದವರೆಲ್ಲ ಮೊದಲ ವರ್ಷದಿಂದಲೇ ನಾಲ್ಕು ನಾಲ್ಕು ಮಂದಿಯ ಗುಂಪು ಕಟ್ಟಿಕೊಂಡಿದ್ದರು. ನಡುವೆ ಬಂದು ಸೇರಿದ ನಾನು ಐದನೆಯವಳಾಗಿ ಎಲ್ಲೂ ಹಿಡಿಸಲಿಲ್ಲ. ಗುಂಪಿನವರು ಬೆಂಗಳೂರಿನ ಅಂಗಡಿಗಳಿಂದ ಸಿದ್ಧ ಪ್ರಾಜೆಕ್ಟು ತರಿಸಿಕೊಂಡು, ಮುಚ್ಚಳ ಬಿಚ್ಚದೆ, ಸಂಶೋಧನೆಯಲ್ಲಿ ತೊಡಗಿದರು. ನನ್ನ ಗೈಡ್ ವಾರಕ್ಕೊಮ್ಮೆ "ಎಂತ ಆಯ್ತು?" ಎಂದು ಕೇಳುತ್ತಿದ್ದರು. ನಾನು ವಾರಕ್ಕೊಮ್ಮೆ "ಆಗ್ತಾ ಉಂಟು ಸರ್" ಎನ್ನುತ್ತಿದ್ದೆ. ಮಾವ ಮಾತ್ರ ಇನ್ನೊಂದು ವರ್ಷ ಕಾಯಲು ಸಂತೋಷದಿಂದ ಸಿದ್ಧರಿದ್ದರು.

ಅಷ್ಟರಲ್ಲಿ ದುಬೈಯಿಂದ ರೈಲು ಬಂತು.

ಅಕ್ಕನನ್ನು ಕೊಟ್ಟದ್ದು ಕಾರ್ಕಳದ ಪಕ್ಕದ ಕುಕ್ಕುಂದೂರಿಗೆ. ಭಾವ ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್. ಅವರಿಗೆ ನಾಲ್ಕು ವರ್ಷದ ಮಗಳು. ದುಬೈಯಲ್ಲಿದ್ದ ಭಾವನ ತಮ್ಮ ಅವಳಿಗೆಂದು ಒಂದು ಆಟದ ರೈಲು ಕಳಿಸಿದ್ದ: ಮೊಟ್ಟೆಯಾಕಾರದ ಹಳಿ, ಒಂದು ಇಂಜಿನ್, ಮೂರು ಡಬ್ಬಿ, ಒಂದು ಸ್ಟೇಷನ್. ಸ್ಟೇಷನ್ನಿನ ಮಾಡಿನ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಹಿಮ ಬಿದ್ದಿತ್ತು. ಕುಕ್ಕುಂದೂರಿನ ಸೆಖೆಯಲ್ಲಿ ಅದೊಂದೇ ತಂಪು.

ಮಗು ಅರ್ಧ ಗಂಟೆ ಆಡಿತು. ಆಮೇಲೆ ಬಟ್ಟೆ ಸಿಕ್ಕಿಸುವ ಒಂದು ಮರದ ಕ್ಲಿಪ್ಪು ತಂದು, ಅದರ ತಲೆಗೆ ಸೋಡಾ ಬಾಟಲಿಯ ಮುಚ್ಚಳ ಅಂಟಿಸಿ, ಹಳಿಯ ಪಕ್ಕ ನಿಲ್ಲಿಸಿತು. ರೈಲು ಅದರ ಮುಂದಿನಿಂದ ಸುಂಯ್ಯನೆ ಹೋಯಿತು. ಮತ್ತೆ ಸುತ್ತಿ ಬಂತು, ಮತ್ತೆ ಹೋಯಿತು.

"ಇದು ಹಾಳು ರೈಲು," ಎಂದು ತೀರ್ಪು ಕೊಟ್ಟಿತು. "ಅಜ್ಜಿ ಕೈ ತೋರಿಸಿದರೂ ನಿಲ್ಲುವುದಿಲ್ಲ."

"ರೈಲಿಗೆ ಹಾಗೆಲ್ಲ ಕೈ ತೋರಿಸುವುದಲ್ಲ ಮಗಾ," ಎಂದರು ಭಾವ. "ಅದು ಸ್ಟೇಷನ್ನಿನಲ್ಲಿ ಮಾತ್ರ ನಿಲ್ಲುವುದು. ಕೈ ತೋರಿಸಿದಲ್ಲಿ ನಿಲ್ಲುವುದು ನಮ್ಮ ಬಸ್ಸು."

"ನಿಮ್ಮ ಬಸ್ಸೂ ಅಜ್ಜಿಗೆ ನಿಲ್ಲಲಿಲ್ಲ."

ಭಾವನಿಗೆ ಇದ್ದಕ್ಕಿದ್ದ ಹಾಗೆ ಬಾವಿಯಿಂದ ನೀರು ಸೇದಬೇಕೆಂದು ನೆನಪಾಯಿತು. ಆ ಮನೆಯಲ್ಲಿ ಅವರು ನೀರು ಸೇದಿದ್ದನ್ನು ಅದಕ್ಕೆ ಮೊದಲು ಕಂಡವರಿಲ್ಲ.

ಅವರು ಎದ್ದು ಹೋದ ಮೇಲೆ ಅಕ್ಕ ಹೇಳಿದಳು. ಹದಿನೈದು ದಿನದ ಹಿಂದೆ ಅವಳೂ ಮಗುವೂ ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಉಡುಪಿಗೆ ಹೋಗುತ್ತಿದ್ದರು. ಪರ್ಕಳದಲ್ಲಿ ಅಮ್ಮ ಖಾಲಿ ಬುಟ್ಟಿ ಹೊತ್ತು ಕೈ ತೋರಿಸಿದಳು. ನಮ್ಮ ಕಡೆಯ ಬಸ್ಸುಗಳು ಕೈ ತೋರಿಸಿದರೆ ಗದ್ದೆಯ ನಡುವೆಯೂ ನಿಲ್ಲುತ್ತವೆ. ಮೀನಿನ ಬುಟ್ಟಿ ಕಂಡರೆ ಮಾತ್ರ ನಿಲ್ದಾಣದಲ್ಲೂ ನಿಲ್ಲುವುದಿಲ್ಲ. ಎಕ್ಸ್‌ಪ್ರೆಸ್ಸಿನಲ್ಲಿ ಬುಟ್ಟಿ ಹತ್ತಿಸಬಾರದು ಎಂದು ಮಾಲೀಕರ ಅಪ್ಪಣೆ. ಭಾವ ಅತ್ತೆಯ ಮುಖ ನೋಡಿದರು, ಬುಟ್ಟಿ ನೋಡಿದರು, ಎರಡು ಸಲ ಸೀಟಿ ಊದಿದರು. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಬಸ್ಸು ಹೊರಟಿತು. ಕರ್ತವ್ಯನಿಷ್ಠೆ ಎಂದರೆ ಅದು.

ಅಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಮಗು ಮರೆತಿರಲಿಲ್ಲ.

ಅವತ್ತೇ ನನಗೆ ಪ್ರಾಜೆಕ್ಟು ಸಿಕ್ಕಿತು. ರೈಲನ್ನು ಕೆಲವು ತಿಂಗಳ ಮಟ್ಟಿಗೆ ಬಿಚ್ಚಲು ಬಿಡು, ಅಜ್ಜಿಗೆ ನಿಲ್ಲುವ ಹಾಗೆ ಮಾಡಿಕೊಡುತ್ತೇನೆ ಎಂದೆ. ಮಗು ಯೋಚಿಸಿ ಒಪ್ಪಿತು, ಷರತ್ತುಗಳನ್ನೂ ಹಾಕಿತು. ರೈಲು ಕಾರ್ಕಳಕ್ಕೆ ಬರಬೇಕು. ಅಪ್ಪನ ಬಸ್ಸಿನ ಹಾಗೆ 'ಎರಡಕ್ಕೆ' ಹೊರಡಬೇಕು. ಸ್ಟೇಷನ್ನಿನ ಮೇಲಿನ ಸಕ್ಕರೆ ತೆಗೆಯಬೇಕು. ಭಾರತೀಯ ರೈಲ್ವೆಗೆ ಇಷ್ಟು ಸ್ಪಷ್ಟವಾದ ಆದೇಶ ಯಾರೂ ಕೊಟ್ಟಿರಲಾರರು.

ಭಾನುವಾರಗಳಲ್ಲಿ ಕುಕ್ಕುಂದೂರಿನ ಒಳಕೋಣೆಯಲ್ಲಿ ಕೆಲಸ ನಡೆಯಿತು. ಹಿಮ ಕೆರೆದು ಹೆಂಚಿನ ಬಣ್ಣ ಬಳಿದೆ. ಹಳಿಯ ಉದ್ದಕ್ಕೂ ಐದು ನಿಲ್ದಾಣ ಮಾಡಿ, ಕಾಪು, ಉಡುಪಿ, ಮಣಿಪಾಲ, ಪರ್ಕಳ, ಕಾರ್ಕಳ ಎಂದು ಬೋರ್ಡು ಬರೆದೆ. ಪ್ರತಿ ನಿಲ್ದಾಣದಲ್ಲೂ ಬೆಳಕನ್ನು ಗುರುತಿಸುವ, ಕಡಲೆಕಾಳಿನಷ್ಟು ದೊಡ್ಡ ಒಂದು ಸೆನ್ಸರ್, ಅದರ ಮೇಲೆ ಬೀದಿದೀಪದ ಹಾಗೆ ಒಂದು ಪುಟ್ಟ ಬಲ್ಬು. ನಡುವೆ ಕೈ ಚಾಚಿದರೆ ಸೆನ್ಸರಿನ ಮೇಲೆ ನೆರಳು ಬೀಳುತ್ತದೆ, ಆ ನಿಲ್ದಾಣದ ಎದುರಿನ ಹಳಿಗೆ ಕರೆಂಟು ನಿಲ್ಲುತ್ತದೆ, ಅಲ್ಲಿಗೆ ಬಂದ ರೈಲೂ ನಿಲ್ಲುತ್ತದೆ. ಮತ್ತೆ ಹೊರಡಲು ಮನೆಯ ಬಾಗಿಲಿಗೆ ಹಾಕುವ ಬೆಲ್ಲಿನ ಗುಂಡಿ. ಮಗುವಿನ ಬೆರಳಿಗೆ ಅದೇ ಸರಿ. ಎರಡು ಸಲ ಒತ್ತಬೇಕು. ಒಂದೇ ಸಲ ಒತ್ತಿದರೆ ಅಲುಗುವುದಿಲ್ಲ. ಆ ಎರಡನ್ನು ಎಣಿಸುವ ಸರ್ಕ್ಯೂಟಿಗೆ ನನ್ನ ಒಂದು ತಿಂಗಳು ಹೋಯಿತು.

"ಬೇರೆ ಕಡೆ ಕೈ ತೋರಿಸಿದರೆ?" ಎಂದು ಮಗು ಕೇಳಿತು.

"ಐದು ಕಡೆ ಮಾತ್ರ ಆಗುವುದು ಮಾರಾಯ್ತಿ."

"ಹಾಗಾದರೆ ಇದೂ ಎಕ್ಸ್‌ಪ್ರೆಸ್ಸು," ಎಂದು ನಿಟ್ಟುಸಿರು ಬಿಟ್ಟು ಮಂಜೂರು ಮಾಡಿತು.

ಕೆಲಸ ಮುಗಿದ ಭಾನುವಾರ ಅಮ್ಮ ಬಂದಿದ್ದಳು. ಪರ್ಕಳದ ನಿಲ್ದಾಣದಲ್ಲಿ ಕೈ ತೋರಿಸು ಎಂದೆವು. ತೋರಿಸಿದಳು, ಅರ್ಧ ಮಾತ್ರ. ನಿಲ್ಲದಿದ್ದರೆ ಸೆರಗು ಸರಿಮಾಡಿಕೊಳ್ಳುವ ಹಾಗೆ ಹಿಂದಕ್ಕೆ ತರಬಹುದಾದಷ್ಟು. ರೈಲು ನಿಂತಿತು. ಮಗು ಎರಡು ಒತ್ತಿತು, ರೈಲು ಹೋಯಿತು, ಸುತ್ತಿ ಬಂತು. ಅಮ್ಮ ಮತ್ತೆ ಕೈ ತೋರಿಸಿದಳು, ಈ ಸಲ ಪೂರ್ತಿ. ಹಾಗೆ ಹನ್ನೊಂದು ಸಲ ನಿಲ್ಲಿಸಿದಳು. ಭಾವ ಅಷ್ಟೂ ಹೊತ್ತು ಬಾವಿಕಟ್ಟೆಯಲ್ಲಿದ್ದರು. ಆ ಭಾನುವಾರ ಮನೆಯಲ್ಲಿ ನೀರಿಗೆ ಕೊರತೆ ಇರಲಿಲ್ಲ.

ಪರೀಕ್ಷೆಗೆ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಹದಿಮೂರು ಪದಗಳ ಹೆಸರು ಕೊಟ್ಟೆ. ಕನ್ನಡದಲ್ಲಿ ಅದರ ಅರ್ಥ, ಕೈ ತೋರಿಸಿದರೆ ನಿಲ್ಲುತ್ತದೆ. ಹಳಿ, ಹಲಗೆ, ತಂತಿ ಎಲ್ಲ ಒಟ್ಟಿಗೆ ಹಿಡಿಸುವ ಪಾತ್ರೆ ನಮ್ಮ ಬಳಿ ಇದ್ದದ್ದು ಒಂದೇ. ಅಮ್ಮ ಬುಟ್ಟಿಯನ್ನು ಸೋಪು ಹಾಕಿ ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗಿಟ್ಟು ಕೊಟ್ಟಳು. ಪರೀಕ್ಷೆಯ ಬೆಳಿಗ್ಗೆ ಪರ್ಕಳದಲ್ಲಿ ನಾನು ಬುಟ್ಟಿ ಹಿಡಿದು ಕೈ ತೋರಿಸಿದೆ. ಎರಡು ಬಸ್ಸು ಎರಡೆರಡು ಸೀಟಿ ಊದಿ ಹೋದವು. ಕೊನೆಗೆ ಕಲ್ಲು ಸಾಗಿಸುವ ಒಂದು ಟೆಂಪೋ ನಿಂತಿತು. ಕಲ್ಲುಗಳು ಏನೂ ಆಕ್ಷೇಪಿಸಲಿಲ್ಲ.

ಪರೀಕ್ಷಕರು ಘಟ್ಟದ ಮೇಲಿನವರು, ಕಾರಿನಲ್ಲಿ ಬಂದವರು. ಮೊದಲ ಪ್ರಶ್ನೆಯೇ: "ರೈಲನ್ನು ಕೈ ತೋರಿಸಿ ಯಾರಮ್ಮ ನಿಲ್ಲಿಸ್ತಾರೆ?"

"ನಿಲ್ಲುವುದಾದರೆ ಎಲ್ಲರೂ ನಿಲ್ಲಿಸುತ್ತಾರೆ ಸರ್."

ಅವರು ನಗಲಿಲ್ಲ. ಕಾರ್ಕಳದ ನಿಲ್ದಾಣದಲ್ಲಿ ಕೈ ಚಾಚಿದರು. ರೈಲು ಅವರ ಬೆರಳಿನ ಕೆಳಗಿನಿಂದ ಮರ್ಯಾದೆ ಇಲ್ಲದೆ ಹೋಯಿತು. ಇನ್ನೊಮ್ಮೆ ಚಾಚಿದರು. ಇನ್ನೊಮ್ಮೆ ಹೋಯಿತು. ಗೈಡ್ ಕಿಟಕಿಯ ಹೊರಗೆ ನೋಡತೊಡಗಿದರು. ಕೈ ತೋರಿಸಿದರೂ ನಿಲ್ಲದಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಪರೀಕ್ಷಕರ ಮುಖ ಹಾಗೇ ಆಗಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದರು.

ನಾನೂ ಕಿಟಕಿಯ ಕಡೆ ನೋಡಿದೆ. ಬೆಳಗಿನ ಬಿಸಿಲು ಓರೆಯಾಗಿ ಬಂದು ನೇರ ಕಾರ್ಕಳದ ಮೇಲೆ ಬಿದ್ದಿತ್ತು. ಕೈ ಅಡ್ಡ ಬಂದು ಬಲ್ಬಿನ ಬೆಳಕು ತಪ್ಪಿದರೂ ಸೆನ್ಸರಿಗೆ ಬಿಸಿಲು ಸಿಗುತ್ತಿತ್ತು, ನೆರಳೇ ಇಲ್ಲ. ಕುಕ್ಕುಂದೂರಿನ ಕತ್ತಲೆ ಕೋಣೆಯಲ್ಲಿ ಮಾಡಿದ ರೈಲಿಗೆ ಸೂರ್ಯನ ಪರಿಚಯವೇ ಇರಲಿಲ್ಲ. "ಒಂದು ನಿಮಿಷ ಸರ್," ಎಂದು ಮೇಜಿನ ಅಡಿಯಿಂದ ಬುಟ್ಟಿ ಎತ್ತಿ, ಕಿಟಕಿಗೆ ಅಡ್ಡವಾಗಿ, ಕಾರ್ಕಳಕ್ಕೆ ಗೋಡೆಯ ಹಾಗೆ ನಿಲ್ಲಿಸಿದೆ.

ಸೋಪಿಗೆ ಅದರ ಮಿತಿ ಉಂಟು. ಬಿಸಿಲು ತಾಗಿದ ಬುಟ್ಟಿ ತನ್ನ ವೃತ್ತಿಯನ್ನು ಇಡೀ ಲ್ಯಾಬಿಗೆ ಹೇಳಿತು. ಪರೀಕ್ಷಕರು ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈ ತೋರಿಸಿದರು.

ರೈಲು ನಿಂತಿತು.

ಅವರು ಬೆಲ್ ಒತ್ತಿ ಕಾದರು. ರೈಲು ಅಲುಗಲಿಲ್ಲ.

"ಎರಡು ಸರ್," ಎಂದೆ.

ಎರಡು ಒತ್ತಿದರು. ಹೊರಟಿತು. ಆಮೇಲೆ ಐದೂ ನಿಲ್ದಾಣಗಳಲ್ಲಿ ನಿಲ್ಲಿಸಿ ನೋಡಿದರು. ಎರಡನೇ ಸುತ್ತಿನಲ್ಲಿ ಮೂಗಿನ ಮೇಲಿನ ಕೈ ಕೆಳಗೆ ಬಂದಿತ್ತು. "ಇದನ್ನು ನೀವೇ ಮಾಡಿದ್ದು ಅಂತ ಗೊತ್ತಾಗ್ತದೆ," ಎಂದರು. ಹೊಗಳಿಕೆಯೋ ಅಲ್ಲವೋ, ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಡಿಗ್ರಿ ಸರ್ಟಿಫಿಕೇಟ್ ಬರಲು ಮತ್ತೂ ಬಹಳ ತಿಂಗಳು ಹಿಡಿಯಿತು. ಅದೂ ಎಕ್ಸ್‌ಪ್ರೆಸ್ ಅಲ್ಲ. ಬಂದ ದಿನ ಕಾಲೇಜಿನ ಗುಮಾಸ್ತರು ರಿಜಿಸ್ಟರಿಗೆ ಸಹಿ ಹಾಕಿಸಿ, "ಲ್ಯಾಮಿನೇಷನ್ ಮಾಡಬೇಡಿ, ಹಾಳಾಗ್ತದೆ," ಎಂದು ಕಿಂಡಿಯಿಂದ ಹೊರಗೆ ತಳ್ಳಿದರು. ಅದೇ ದಿನ ಮಗುವಿನ ಹುಟ್ಟುಹಬ್ಬ. ಕುಕ್ಕುಂದೂರಿಗೆ ಹೋದೆ. ಮಾವ ಕಾಪುವಿನಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು. ಅಮ್ಮ ಪರ್ಕಳದ ವ್ಯಾಪಾರ ಮುಗಿಸಿ, ಬುಟ್ಟಿ ಸಮೇತ, ಭಾವನ ಬಸ್ಸಿನಲ್ಲೇ ಬಂದಿದ್ದಳು. ಮಾಲೀಕರ ಅಪ್ಪಣೆ ಬದಲಾಗಿತ್ತೋ ಭಾವನೇ ಬದಲಾಗಿದ್ದರೋ, ನಾನು ಕೇಳಲಿಲ್ಲ.

ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಹಿಂದೆ ತಿರುಗಿಸಿದರು, ಮೊಹರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. ಅಳಿಸಿಹೋಗಲಿಲ್ಲ.

"ಎಲ್ಲ ಸರಿ," ಎಂದರು. "ಕಾರ್ಕಳಕ್ಕೆ ರೈಲು ಬಂದಿಲ್ಲವಲ್ಲ ಇನ್ನೂ."

ನೆಲದ ಮೇಲೆ ಮಗುವಿನ ಜೊತೆ ಕೂತಿದ್ದ ಅಮ್ಮ ತಲೆ ಎತ್ತದೆ ಕೈ ಚಾಚಿದಳು. ರೈಲು ಕಾರ್ಕಳದ ಬೋರ್ಡಿನ ಎದುರು ನಿಂತಿತು. ಮಾವ ಬಗ್ಗಿ ಬೋರ್ಡು ಓದಿದರು. ಸರ್ಟಿಫಿಕೇಟನ್ನು ಮಡಚದೆ ನನ್ನ ಕೈಗೆ ಕೊಟ್ಟು ಎದ್ದು ನಿಂತರು.

"ಬ್ಯಾಗು ಎಲ್ಲುಂಟು, ಕೊಡು."

"ಬ್ಯಾಗು ಇಲ್ಲ," ಎಂದಳು ಅಮ್ಮ. "ಬುಟ್ಟಿ ಉಂಟು. ಹಿಡಿ."