ತಣ್ಣಗಿಟ್ಟರೂ ಮೊಸರಾದ ಹಾಲು

ಆ ದಿನಗಳಲ್ಲಿ ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೆಳಗಾಯಿತೆಂದರೆ ಮಂಡಕ್ಕಿ ಭಟ್ಟಿಯ ವಾಸನೆ ಎದ್ದಿತೆಂದೇ ಅರ್ಥ. ಭತ್ತದ ಹೊಟ್ಟಿನ ಹೊಗೆ, ಕಾದ ಉಸುಕು, ಅದರಲ್ಲಿ ಚಟಪಟನೆ ಅರಳುವ ಅಕ್ಕಿ. ನಮ್ಮ ಭಟ್ಟಿ ಮನೆಯ ಹಿತ್ತಲಲ್ಲೇ ಇತ್ತು. ಚಳಿಗಾಲದಲ್ಲಿ ಅದರ ಗೋಡೆಗೆ ಬೆನ್ನು ಕೊಟ್ಟು, ಮಡಿಲ ತುಂಬ ಬಿಸಿ ಮಂಡಕ್ಕಿ ಸುರಿದುಕೊಂಡು ನಾನೂ ಪಕ್ಕದ ಓಣಿಯ ನಾಗವೇಣಿಯೂ ಗಜ್ಜುಗ ಆಡುತ್ತಿದ್ದೆವು. ಗೆಲ್ಲುತ್ತಿದ್ದವಳು ನಾನೇ. ಇದನ್ನು ನಾಗವೇಣಿ ಇವತ್ತಿಗೂ ಒಪ್ಪುವುದಿಲ್ಲ, ಅದು ಅವಳ ಪಾಡು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿಬ್ಬರೂ ಒಂಬತ್ತನೇ ತರಗತಿ. ಕೂಡ್ಲಿಗಿಯಲ್ಲಿ ತಾಲ್ಲೂಕಿನ ಶಾಲೆಗಳಿಗೆಲ್ಲ ವಿಜ್ಞಾನ ವಸ್ತುಪ್ರದರ್ಶನ. ನಮ್ಮ ಶಾಲೆಯಿಂದ ಇಬ್ಬರಿಗೆ ಮಾತ್ರ ಅವಕಾಶ. ಶಾಖ ಮತ್ತು ಆಹಾರ ಜೀವಿಗಳ ಮೇಲೆ ಏನು ಮಾಡುತ್ತವೆ ಎಂದು ತೋರಿಸುವ ಪ್ರಯೋಗ ಮಾಡಿರಿ, ಚೆನ್ನಾಗಿ ಮಾಡಿದ ಜೋಡಿಯನ್ನು ಸೋಮವಾರ ಆರಿಸುತ್ತೇನೆ ಎಂದರು ವಿಜ್ಞಾನದ ಮೇಡಂ. ಮಿಕ್ಕವರೆಲ್ಲ ಹೆಸರುಕಾಳು ನೆನೆಹಾಕಲು ಹೋದರು. ನಾನು ಮೊಸರು ಅಂದೆ. ಹೆಪ್ಪಿನಲ್ಲಿರುವುದೂ ಕಣ್ಣಿಗೆ ಕಾಣದ ಜೀವಿಗಳು, ಹಾಲು ಅವುಗಳ ಊಟ ಎಂದು ಮೇಡಂ ಹೇಳಿಕೊಟ್ಟಿದ್ದರು. ಮನೆಯಲ್ಲಿ ಎಮ್ಮೆ ಇತ್ತು, ಹಿತ್ತಲಲ್ಲಿ ಭಟ್ಟಿ ಇತ್ತು. ಇನ್ನೇನು ಬೇಕು? ನಾಗವೇಣಿ ಆಗಲೇ ಕೂಡ್ಲಿಗಿಗೆ ಕಟ್ಟಿಕೊಂಡು ಹೋಗುವ ರಿಬ್ಬನ್ನು ಆರಿಸಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ನಾಲ್ಕು ಸ್ಟೀಲ್ ಲೋಟ ಜೋಡಿಸಿದೆವು. ಎಲ್ಲಕ್ಕೂ ಅಜ್ಜಿ ಕರೆದ ಅದೇ ಎಮ್ಮೆ ಹಾಲು, ಅಳೆದು ಒಂದೇ ಚಮಚ ಹೆಪ್ಪು. ಮೊದಲನೆಯದು ಭಟ್ಟಿಯ ಬೆಚ್ಚನೆಯ ಕಟ್ಟೆಯ ಮೇಲೆ. ಎರಡನೆಯದು ಪಡಸಾಲೆಯ ಗೂಡಿನಲ್ಲಿ. ಮೂರನೆಯದು ನೀರಿನ ಗಡಿಗೆಯ ಕೆಳಗಿನ ಒದ್ದೆ ಉಸುಕಿನಲ್ಲಿ. ನಾಲ್ಕನೆಯದರಲ್ಲಿ ಅರ್ಧ ಹಾಲು, ಅರ್ಧ ನೀರು. ಅದು ಎರಡನೆಯದರ ಪಕ್ಕ. ಬೆಚ್ಚಗಿದ್ದದ್ದು ಬೇಗ ಮೊಸರಾಗಬೇಕು, ತಣ್ಣಗಿದ್ದದ್ದು ಹಾಲಾಗಿಯೇ ಉಳಿಯಬೇಕು, ಊಟ ಕಡಿಮೆ ಸಿಕ್ಕಿದ್ದು ತೆಳ್ಳಗಿರಬೇಕು. ಪುಸ್ತಕದ ಲೆಕ್ಕ ಹಾಗಿತ್ತು.

ಸಂಜೆ ಶಾಲೆಯಿಂದ ಓಡಿ ಬಂದು ಲೋಟ ಬಾಗಿಸಿ ನೋಡಿದರೆ, ನಾಲ್ಕೂ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ.

"ಗಿರಿಜಿ, ಪುಸ್ತಕದಾಗ ಇದ್ದಂಗ ಬರದು ಬಿಡೋಣು," ಅಂದಳು ನಾಗವೇಣಿ. "ಯಾರು ಬಂದು ನೋಡ್ತಾರ?"

"ಆಗಿದ್ದು ಬರಿತೀನಿ. ಆಗದ್ದು ನಾ ಬರಿಯಂಗಿಲ್ಲ."

"ಹಂಗಾರ ಕೂಡ್ಲಿಗಿಗೆ ನೀ ಒಬ್ಬಾಕೀನ ಹೋಗಲೇ," ಎಂದು ಚೀಲ ಹೆಗಲಿಗೇರಿಸಿ ನಡೆದುಬಿಟ್ಟಳು. ಮರುದಿನ ಬೆಂಚಿನಲ್ಲಿ ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ ಬಿಟ್ಟು ಕೂತಳು. ಅವಳಿಲ್ಲದೆ ನನಗೆ ಊಟವೂ ಸೇರುತ್ತಿರಲಿಲ್ಲ, ಆದರೆ ಸೋಲುವವಳು ನಾನಲ್ಲ.

ಮೇಡಂ ನನ್ನ ಪುಸ್ತಕವನ್ನು ಎಲ್ಲರೆದುರು ಓದಿದರು. "ಏನವಾ ಗಿರಿಜಾ, ನಿಮ್ಮನಿ ಎಮ್ಮಿ ಬ್ಯಾರೆ ವಿಜ್ಞಾನ ಓದೇತೇನು?"

ತರಗತಿ ಗೊಳ್ಳೆಂದಿತು. "ನಾ ಕಂಡದ್ದ ಬರದೀನ್ರಿ ಮೇಡಂ," ಅಂದೆ, ಸ್ವಲ್ಪ ಜೋರಾಗಿಯೇ.

ಅವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ಕಂಡದ್ದು ಬರದಿ, ಚಲೋ ಮಾಡಿದಿ. ಆದ್ರ ನಿನಗ ಕಾಣದ್ದು ಏನೋ ನಡದೈತಿ. ಭಾನುವಾರ ಇನ್ನೊಮ್ಮಿ ಮಾಡು. ಈ ಸರ್ತಿ ಅಲ್ಲೇ ಕುಂತು ನೋಡು."

ಭಾನುವಾರ ಬೆಳಿಗ್ಗೆ ಏಳಕ್ಕೆ ಲೋಟ ಇಟ್ಟವಳು, ನಾಗವೇಣಿ ಮನೆಗೆ ಹೋಗುತ್ತೇನೆಂದು ಅಜ್ಜಿಗೆ ಹೇಳಿ, ಹಿತ್ತಲಿನಿಂದ ಸುತ್ತಿ ಬಂದು ಮಂಡಕ್ಕಿ ಚೀಲಗಳ ಹಿಂದೆ ಅಡಗಿ ಕೂತೆ. ಹತ್ತು ಗಂಟೆಯಾಗಿರಬೇಕು. ಅಜ್ಜಿ ಬಂದಳು. ಕೈಯಲ್ಲಿ ಉಸುಕಿನಲ್ಲಿದ್ದ ಮೂರನೇ ಲೋಟ. ಅದರ ತಳವನ್ನು ಸೆರಗಿನಿಂದ ಒರೆಸಿ, ಭಟ್ಟಿ ಕಟ್ಟೆಯ ಮೇಲೆ ಮೊದಲನೆಯದರ ಪಕ್ಕ ಇಟ್ಟು ಒಳಗೆ ಹೋದಳು. ನಾನು ಬೆಕ್ಕಿನ ಹಾಗೆ ಹಿಂದೆಯೇ ಹೋದೆ. ನೀರು ಬೆರೆಸಿದ ನಾಲ್ಕನೇ ಲೋಟವನ್ನು ಎಮ್ಮೆಯ ಬಕೆಟ್ಟಿಗೆ ಸುರಿದು, ಅದಕ್ಕೆ ಬೆಚ್ಚನೆಯ ಕೆನೆಹಾಲು ತುಂಬಿ, ಹೆಪ್ಪು ಬಿಡುತ್ತಿದ್ದಳು.

"ಅಜ್ಜೀ!"

ಸಿಕ್ಕಿಬಿದ್ದೆನೆಂಬ ಅಳುಕು ಅವಳಿಗೆ ಎಳ್ಳಷ್ಟೂ ಇರಲಿಲ್ಲ. "ಯಾಕ ಬಾಯಿ ಮಾಡ್ತಿ? ಮೂರು ಲೋಟ ಪಾಸಾಗಿ ಒಂದು ಫೇಲಾದ್ರ ನಿನಗ ಮಾರ್ಕ್ಸ್ ಕೊಡ್ತಾರೇನು? ಅದಕ್ಕ ಬೆಚ್ಚಗ ಇಟ್ಟೆ. ನೀ ಬರೋದ್ರಾಗ ತಿರುಗಿ ಉಸುಕಿನ್ಯಾಗ ಇಡ್ತಿದ್ದೆ. ಮೊನ್ನಿನೂ ಹಂಗ ಮಾಡೀನಿ, ನಿನಗ ಗೊತ್ತಾತೇನು?"

"ಮತ್ತ ಇದು?"

"ನೀರು ಬೆರಸಿದ ಹಾಲು ನಮ್ಮನಿಂದ ಸಾಲಿಗೆ ಹೋಗಬೇಕೇನು? ಮಂದಿ ಏನಂದಾರು? ನಿಮ್ಮಜ್ಜ ಇದ್ದಾಗಿಂದ ಈ ಮನ್ಯಾಗ ಹಾಲಿಗೆ ಹನಿ ನೀರು ಬಿದ್ದಿಲ್ಲ!"

ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಮೊದಲು ನಗು ಬಂತು. ಹಾಗೇ ಬರಿಗಾಲಲ್ಲಿ ನಾಗವೇಣಿ ಮನೆಗೆ ಓಡಿದೆ. ಮುಖ ಊದಿಸಿಕೊಂಡೇ ಬಾಗಿಲಿಗೆ ಬಂದವಳು, ಕಥೆ ಕೇಳಿ ಬಿಕ್ಕಳಿಕೆ ಬರುವಷ್ಟು ನಕ್ಕಳು. ಇಬ್ಬರೂ ವಾಪಸು ಬಂದು ನಾಲ್ಕೂ ಲೋಟ ಹೊಸದಾಗಿ ಹೂಡಿದೆವು. ಅಜ್ಜಿ ಭಟ್ಟಿಗೆ ಸಾಗಿಸಿದ್ದ ಲೋಟವನ್ನು ಚೆಲ್ಲದೆ, ಅದಕ್ಕೆ ಐದು ಎಂದು ಚೀಟಿ ಅಂಟಿಸಿದೆವು. ಅದೂ ಪ್ರಯೋಗದ್ದೇ ಎಂದು ತಿಳಿದ ಮೇಲೆ ಅಜ್ಜಿಯ ಗತ್ತು ನೋಡಬೇಕಿತ್ತು. ಮಣೆ ಹಾಕಿಕೊಂಡು ಕಾವಲು ಕೂತಳು. "ಪ್ರಯೋಗ ನಡದೈತಿ, ಯಾರೂ ಕೈ ಹಚ್ಚಬ್ಯಾಡ್ರಿ," ಎಂದು ಅಪ್ಪನನ್ನೂ ಭಟ್ಟಿ ಕಟ್ಟೆಯ ಹತ್ತಿರ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಭಟ್ಟಿಯ ಮೇಲಿನದು ಗಟ್ಟಿ ಮೊಸರು, ಗೂಡಿನದು ಇನ್ನೂ ಅಲುಗಾಡುತ್ತಿತ್ತು, ಉಸುಕಿನದು ಬರೀ ಹಾಲು, ನೀರಿನದು ತೆಳ್ಳಗೆ. ಐದನೆಯದು ಮಾತ್ರ, ಮೂರು ತಾಸು ಉಸುಕಿನಲ್ಲಿ ತಣ್ಣಗಿದ್ದರೂ, ಮೊಸರಾಗಿತ್ತು. ತಂಪಿಗೆ ಆ ಜೀವಿಗಳು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ, ಬೆಚ್ಚಗಾದರೆ ಏಳುತ್ತವೆ. ಇದು ನಮ್ಮ ಪುಸ್ತಕದಲ್ಲಿ ಇರಲಿಲ್ಲ.

"ಐದನೇದು ಯಾರ ಪ್ರಯೋಗ?" ಎಂದು ಕೇಳಿದರು ಮೇಡಂ, ಸೋಮವಾರ.

"ನಮ್ಮಜ್ಜೀದು ರೀ."

ಅವರು ಪುಸ್ತಕ ಮುಚ್ಚಿ, ಬೇರೆಯವರ ಕಡೆ ನೋಡದೆ, "ನೀವಿಬ್ರೂ ಕೂಡ್ಲಿಗಿಗೆ ತಯಾರಾಗ್ರಿ," ಅಂದರು. ಪ್ರದರ್ಶನದ ದಿನ ನಾಗವೇಣಿ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದಳು. ಬಹುಮಾನ ಬೇರೆ ಯಾರಿಗೋ ಹೋಯಿತು. ಅಜ್ಜಿಗೆ ಅದು ಕೊನೆಯವರೆಗೂ ಸರಿಬರಲಿಲ್ಲ. "ಆ ಪರೀಕ್ಷೆ ಮಾಡಿದವ್ರು ಮೊಸರು ತಿಂದು ನೋಡಿದ್ರೇನು?" ಎಂದು ಕೇಳುತ್ತಲೇ ಇದ್ದಳು.

ಈಗ ನಾನು ಹರಪನಹಳ್ಳಿಯಲ್ಲಿ ವಿಜ್ಞಾನ ಹೇಳುತ್ತೇನೆ. ಅಜ್ಜಿ ಇಲ್ಲ. ಭಟ್ಟಿಯನ್ನು ಒಡೆದು ಅಲ್ಲಿ ಕಾರು ನಿಲ್ಲಿಸುತ್ತಾರೆ. ಪ್ರತಿವರ್ಷ ಚಳಿಗಾಲದಲ್ಲಿ ಒಂಬತ್ತನೇ ತರಗತಿಗೆ ಇದೇ ನಾಲ್ಕು ಲೋಟದ ಪ್ರಯೋಗ ಕೊಟ್ಟು, ಮನೆಯಲ್ಲೇ ಮಾಡಿಕೊಂಡು ಬರಲು ಹೇಳುತ್ತೇನೆ. ಪುಸ್ತಕ ತಿದ್ದುವಾಗ ತಪ್ಪಾದ ಒಂದು ಲೋಟಕ್ಕಾಗಿ ಆಸೆಯಿಂದ ಹುಡುಕುತ್ತೇನೆ. ಈ ವರ್ಷ ಇಡೀ ತರಗತಿಯಲ್ಲಿ ಒಂದೂ ಸಿಗಲಿಲ್ಲ. ನಕಲು ಮಾಡಿದ್ದಾರೆಂದು ಅನುಮಾನ ಬಂದು ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದೆ.

"ಖರೇನ ಲೋಟ ಇಟ್ಟಿದ್ದೇನು?"

"ಹೂಂ ಮಿಸ್, ಬೆಳಿಗ್ಗೆ ಇಟ್ಟು ಸಾಯಂಕಾಲ ನೋಡಿದೆ."

"ನಡುವೆ ಯಾರೂ ಮುಟ್ಟಲಿಲ್ಲ?"

"ಯಾರು ಮುಟ್ತಾರೆ ಮಿಸ್? ಹಗಲೊತ್ತು ಮನೇಲಿ ಯಾರೂ ಇರಲ್ಲ. ಕೀಲಿ ಹಾಕ್ಕೊಂಡು ಬಂದಿರ್ತೀವಿ."

ಅವಳ ನಾಲ್ಕೂ ಲೋಟದ ಉತ್ತರ ಸರಿಯಿದ್ದವು. ಪೂರ್ತಿ ಅಂಕ ಕೊಟ್ಟು ಕೂರಿಸಿದೆ.