ಬೋರಕ್ಕ ಕೊಂಡ ಕೂಸು

ಹುಟ್ಟಿದಾಗ ನಾನು ಒಂದೂವರೆ ಸೇರು ಇದ್ದೆನಂತೆ. ಈಗ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ದೀಪ ಹಚ್ಚಬೇಕು ಎಂದು ಮೊಮ್ಮಕ್ಕಳು ಆಡಿಕೊಳ್ಳುತ್ತವೆ. ಆಡಿಕೊಳ್ಳಲಿ. ಎಪ್ಪತ್ತು ದಾಟಿದವಳನ್ನು ಆಡಿಕೊಳ್ಳಲು ಧೈರ್ಯವೇನೂ ಬೇಕಾಗಿಲ್ಲ. ಈ ಮೈಯನ್ನು ಉಳಿಸಿದವಳು ಬೋರಕ್ಕ ಎಂಬುದು ಮಾತ್ರ ಅವಕ್ಕೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೋರಕ್ಕ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಆಸ್ಪತ್ರೆ ಎಂದರೆ ಈಗಿನ ಹಾಗೆ ಮಹಡಿ, ಮಂಚಗಳ ಸಾಲು ಎಂದುಕೊಳ್ಳಬೇಡಿ. ಹೆಂಚಿನ ಎರಡು ಕೋಣೆ, ಮುಂದೆ ಒಂದು ಜಗಲಿ, ಹಿಂದೆ ನೀರು ಕಾಯಿಸುವ ಒಲೆ, ಅಷ್ಟೆ. ಕಸ ಗುಡಿಸುವುದು, ನೀರು ಕಾಯಿಸುವುದು, ಹೆರಿಗೆಗೆ ಬಂದವರ ಸೊಂಟ ಹಿಡಿದುಕೊಳ್ಳುವುದು, ಎಲ್ಲರಿಂದಲೂ ಬೈಸಿಕೊಳ್ಳುವುದು, ಇವು ಅವಳ ಕೆಲಸ. ಗಂಡ ಪ್ಲೇಗಿನ ವರ್ಷ ಹೋಗಿಬಿಟ್ಟಿದ್ದ. ಅವನಿಗಿಂತ ಮೊದಲೇ ಎರಡು ಕೂಸು ಹೋಗಿದ್ದವು. ಎರಡೂ ದಿನ ತುಂಬದೆ ಹುಟ್ಟಿದವು, ಒಂದೂ ಮೂರು ದಿನ ದಾಟಲಿಲ್ಲ.

ನಾನು ಚಿಕ್ಕವಳಿದ್ದಾಗ ಮೊಳಕಾಲ್ಮೂರಿನಿಂದ ಅಜ್ಜಿಯ ಊರಿಗೆ ಹೋಗುವಾಗಲೆಲ್ಲ ನಮ್ಮ ಬಂಡಿ ಆ ಆಸ್ಪತ್ರೆಯ ಮುಂದೆ ನಿಲ್ಲುತ್ತಿತ್ತು. ಬೋರಕ್ಕ ಪೊರಕೆ ಬಿಸಾಕಿ ಓಡಿ ಬರುವಳು. ಮಾತಿಲ್ಲ ಕತೆಯಿಲ್ಲ, ಮೊದಲು ನನ್ನನ್ನು ಎತ್ತಿ ಭಾರ ನೋಡುವಳು. ಆಮೇಲೆ ಅಂಗಾಲು ಮುಟ್ಟಿ ಬೆಚ್ಚಗಿದೆಯೋ ಇಲ್ಲವೋ ಎಂದು ನೋಡುವಳು. ನನಗೆ ಹನ್ನೆರಡು ತುಂಬಿ, ನಾಚಿಕೆ ಬಂದ ಮೇಲೂ ಎತ್ತಿದಳು.

“ಬಿಡು ಬೋರಕ್ಕ, ನಡ ಮುರ್ಕಂತೀಯ” ಎಂದು ನಮ್ಮವ್ವ ಬಂಡಿಯೊಳಗಿಂದಲೇ ಕೂಗಿದರೆ, “ಮುರಿದ್ರೆ ಮುರೀಲಿ ಬಿಡ್ರವ್ವ, ಇನ್ಯಾತಕ್ಕೆ ಇಟ್ಕಳ್ಳಲಿ ಅದ್ನ” ಎನ್ನುವಳು. ಸೀಗೆಕಾಯಿಯೂ ಒಲೆಯ ಹೊಗೆಯೂ ಬೆರೆತ ವಾಸನೆ ಅವಳ ಸೆರಗಿನದು. ಅದು ನನಗೆ ಈಗಲೂ ಬೇಕು ಅನ್ನಿಸುತ್ತದೆ. ಯಾವ ಅಂಗಡಿಯಲ್ಲಿ ಸಿಕ್ಕೀತು?

ನಾನು ಹುಟ್ಟಿದ ಕತೆಯನ್ನು ಮೂವರ ಬಾಯಲ್ಲಿ ಕೇಳಿದ್ದೇನೆ. ನಮ್ಮವ್ವ ವೀರಮ್ಮ ಹೇಳುವಾಗ ಅಳು ಬರುತ್ತಿತ್ತು, ಅವ್ವನ ತಾಯಿ ತಿಪ್ಪೇರುದ್ರಮ್ಮ ಹೇಳುವಾಗ ಬೈಗುಳ ಬರುತ್ತಿತ್ತು, ಬೋರಕ್ಕ ಹೇಳುವಾಗ ನಗು ಬರುತ್ತಿತ್ತು. ಮೂರನ್ನೂ ಕೂಡಿಸಿ ಹೇಳುತ್ತೇನೆ. ಎಲ್ಲಾದರೂ ಹೆಚ್ಚು ಕಮ್ಮಿಯಾದರೆ ಅದು ಅಜ್ಜಿಯದೇ ಇರಬೇಕು, ಅವಳು ಯಾವ ಕತೆಯಲ್ಲೂ ತಾನು ಸೋಲುವುದಕ್ಕೆ ಒಪ್ಪುತ್ತಿರಲಿಲ್ಲ.

ಸಾವಿರದ ಒಂಬೈನೂರ ಹನ್ನೊಂದರ ಚಳಿಗಾಲ. ನಮ್ಮಪ್ಪ ಜಯದೇವಪ್ಪ ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತಂದು ಮಾರುತ್ತಿದ್ದ. ಅವ್ವನಿಗೆ ಹದಿನೇಳು ವರ್ಷ, ಚೊಚ್ಚಲ ಬಸುರಿ. ಏಳರಲ್ಲಿ ತವರಿಗೆ ಕರೆತರಬೇಕು, ಎಂಟಕ್ಕೆ ಕಾಲಿಟ್ಟರೆ ಪ್ರಯಾಣ ಕೂಡದು ಎಂಬುದು ನಮ್ಮ ಕಡೆಯ ಪದ್ಧತಿ. ಅಜ್ಜಿ ಪದ್ಧತಿ ಎಂದರೆ ಪ್ರಾಣ ಬಿಡುವವಳು. ಚಳ್ಳಕೆರೆಯಾಚೆಯ ತನ್ನ ಹಳ್ಳಿಯಿಂದ ಬಂಡಿ ಕಟ್ಟಿಸಿಕೊಂಡು ಬಂದು, ಮಗಳನ್ನು ಕೂರಿಸಿಕೊಂಡು ಹೊರಟಳು. ತಳಕು ದಾಟಿದ ಮೇಲೆ ಅವ್ವನಿಗೆ ಹೊಟ್ಟೆಯಲ್ಲಿ ನೋವು ಕಾಣಿಸಿತು.

“ವಾಯು ಕಣೆ, ಸುಮ್ನಿರು” ಎಂದಳಂತೆ ಅಜ್ಜಿ. ವಾಯುವಲ್ಲ, ಅದು ನಾನು.

ಬೆಳಕು ಹರಿಯುವ ಹೊತ್ತಿಗೆ ಬಂಡಿ ಆಸ್ಪತ್ರೆ ಮುಟ್ಟಿತು. ಡಾಕ್ಟರು ಇನ್ನೂ ಬಂದಿರಲಿಲ್ಲ. ನಾನು ಕಾಯಲಿಲ್ಲ, ಜಗಲಿಯ ಮೇಲೆಯೇ ಬೋರಕ್ಕನ ಕೈಗೆ ಬಂದೆ. ಅಳಲಿಲ್ಲ. ಬೋರಕ್ಕ ಬಾಯಿ ಒರೆಸಿದಳು, ಅಂಗಾಲು ಉಜ್ಜಿದಳು, ಬೆನ್ನು ಉಜ್ಜಿದಳು. ಕೊನೆಗೆ ಬೆಕ್ಕಿನ ಮರಿಯಷ್ಟು ದನಿ ಬಂತು.

ಡಾಕ್ಟರು ಮೈಸೂರು ಕಡೆಯವರು. ಬಂದವರೇ ಮೊದಲು ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ತೂಗಿದರು. “ತಾಯಿಗೆ ರಕ್ತ ಬಹಳ ಹೋಗಿದೆ, ಇಲ್ಲಿಂದ ಅಲುಗಾಡಿಸಬಾರದು. ಕೂಸಿಗೆ ನನ್ನ ಹತ್ತಿರ ಔಷಧಿ ಇಲ್ಲಮ್ಮ. ಬಿಸಿಯೊಂದೇ ಔಷಧಿ” ಎಂದರು. ಔಷಧದ ಸೀಸೆಗಳು ಬಂದಿದ್ದ ಮರದ ಪೆಟ್ಟಿಗೆಯಲ್ಲಿ ಅರಳೆ ತುಂಬಿಸಿ, ನಾಲ್ಕು ಮೂಲೆಗೂ ಬಿಸಿನೀರಿನ ಸೀಸೆ ಇಡಿಸಿದರು. ಆಡಿನ ಹಾಲಿಗೆ ನೀರು ಬೆರೆಸಿ, ಅರಳೆಯ ಬತ್ತಿಯನ್ನು ಅದರಲ್ಲಿ ಅದ್ದಿ, ತೊಟ್ಟು ತೊಟ್ಟಾಗಿ ಬಾಯಿಗೆ ಬಿಡಬೇಕೆಂದು ಹೇಳಿದರು.

ಅಜ್ಜಿ ತನ್ನ ಪಾಲಿನ ಉಪಚಾರ ಮಾಡಿದಳು. ಪೆಟಾರಿ ತೆಗೆದು, ಅಳಿಯ ಕೊಟ್ಟಿದ್ದ ಹೊಸ ರೇಷ್ಮೆ ಸೀರೆಯಲ್ಲಿ ನನ್ನನ್ನು ಸುತ್ತಿದಳು. ಬೋರಕ್ಕ ಅದನ್ನು ಮೆಲ್ಲಗೆ ಬಿಚ್ಚಿ ವಾಪಸು ಕೊಟ್ಟಳು.

“ಇದು ಮದ್ವಿಗೆ ಚೆಂದ ಅಮ್ಮಾರೆ. ಇದಕ್ಕೆ ಹಳೇದು ಬೇಕು” ಎಂದು ತನ್ನ ತೊಳೆದಿಟ್ಟ ಹಳೆಯ ಸೀರೆಯ ತುಂಡು ಸುತ್ತಿದಳು.

ಆದರೆ ಸೀಸೆಯ ಬಿಸಿ ಎಷ್ಟು ಹೊತ್ತು? ಮೊದಲು ಸುಡುತ್ತಿತ್ತು, ಆಮೇಲೆ ಬೆಚ್ಚಗಿರುತ್ತಿತ್ತು, ನೋಡನೋಡುತ್ತಲೇ ತಣ್ಣಗಾಗುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಬೋರಕ್ಕ ಪೆಟ್ಟಿಗೆಗೆ ಕೈ ಹಾಕಿದಾಗ ನನ್ನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳು ಯಾರನ್ನೂ ಕೇಳಲಿಲ್ಲ. ನನ್ನನ್ನು ಎತ್ತಿ ಕುಪ್ಪಸದೊಳಗೆ ಬರಿಯೆದೆಗೆ ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಳು. ಬಿಸಿಲು ಜಗಲಿಗೆ ಬರುವಷ್ಟರಲ್ಲಿ ತುಟಿ ಕೆಂಪಾಯಿತು.

ಡಾಕ್ಟರು ಬಂದು ನೋಡಿದರು. ಪೆಟ್ಟಿಗೆ ಖಾಲಿ, ಗುಡಿಸಬೇಕಾದವಳು ಕಂಬಳಿ ಹೊದ್ದು ಕೂತಿದ್ದಾಳೆ. ಬೈಯುವುದಕ್ಕೆ ಬಾಯಿ ತೆರೆದವರು ಕಂಬಳಿಯೊಳಗೆ ಕೈಯಿಟ್ಟು ನನ್ನ ಪಾದ ಮುಟ್ಟಿದರು. “ಇಳಿಸಬೇಡ” ಎಂದರು. ಓದಿದ ಗಂಡಸು ಕಸ ಗುಡಿಸುವವಳು ಮಾಡಿದ್ದಕ್ಕೆ ಒಪ್ಪಿದ್ದು, ಅದೂ ಆ ಕಾಲದಲ್ಲಿ. ಅವರ ಹೆಸರು ತಿಳಿದುಕೊಳ್ಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಬೇಜಾರು.

ಒಪ್ಪದವಳು ಅಜ್ಜಿ. ನಮ್ಮದು ಲಿಂಗ ಕಟ್ಟುವ ಮನೆತನ. ಬೋರಕ್ಕ ಮಾಂಸ ತಿನ್ನುವ ಜನದವಳು. ಬತ್ತಿಯಲ್ಲಿ ಹಾಲು ಬಿಟ್ಟರೆ ಅಡ್ಡಿಯಿಲ್ಲ, ಆದರೆ ಹಗಲೂ ಇರುಳೂ ಮೈಗೆ ಮೈ ಹಚ್ಚಿ? “ನಾಳೆ ಬೀಗರಿಗೆ ಏನ್ ಹೇಳ್ಲಿ? ಕೊಡಿಲ್ಲಿ, ನಾನೇ ಹಾಕ್ಕಂತೀನಿ” ಎಂದು ನನ್ನನ್ನು ಕಸಿದುಕೊಂಡಳು.

ಅಜ್ಜಿಯದು ಒಣಗಿದ ಮೈ. ದಿನಕ್ಕೆ ಎರಡು ಸಲ ತಣ್ಣೀರು ಹುಯ್ದುಕೊಂಡು, ಒದ್ದೆ ಸೀರೆಯಲ್ಲೇ ಪೂಜೆಗೆ ಕೂರುವವಳು. ಎಲುಬು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಉಗುರುಗಳು ನೀಲಿಯಾದವು. ಅತ್ತ ಕೋಣೆಯಲ್ಲಿ ಅವ್ವನಿಗೆ ಜ್ವರ ಏರಿ, ಮಗಳೋ ಮೊಮ್ಮಗಳೋ ಎನ್ನುವಂತಾಯಿತು. ಅಜ್ಜಿ ನನ್ನನ್ನು ಬೋರಕ್ಕನಿಗೆ ವಾಪಸು ಕೊಟ್ಟು, ಜಗಲಿಯ ಕಂಬಕ್ಕೆ ಒರಗಿ ಕೂತಳು. ಊಟವನ್ನೂ ಮಾಡಲಿಲ್ಲ. ಬೋರಕ್ಕ ಹೇಳುತ್ತಿದ್ದಳು: “ಕೋರ್ಟಿನ ಲಾಯರು ಯೋಚ್ನೆ ಮಾಡ್ದಂಗೆ ಮಾಡಿದ್ರು ಕಣೆ ನಿಮ್ಮಜ್ಜಿ.”

ಸಂಜೆಗೆ ಮುಂಚೆ ಡಾಕ್ಟರು ಮನೆಗೆ ಹೋದದ್ದನ್ನು ನೋಡಿಕೊಂಡು ಅಜ್ಜಿ ಎದ್ದಳು.

“ಬೋರಕ್ಕ, ತೌಡು ಸಿಕ್ಕುತ್ತಾ?”

“ಎತ್ತಿಗೇನ್ರಿ?”

“ಎತ್ತಿಗಲ್ಲ. ಇದನ್ನ ತಿಪ್ಪೆಗೆ ಹಾಕ್ತೀನಿ, ನೀನು ಕೊಂಡ್ಕ.”

ಗೊತ್ತಿಲ್ಲದವರಿಗೆ ಹೇಳಬೇಕು. ಉಳಿಯುವುದಿಲ್ಲ ಎನಿಸಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಡುತ್ತಿದ್ದರು. ಬೇರೆ ಮನೆಯವರೊಬ್ಬರು ಒಂದಿಷ್ಟು ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುತ್ತಿದ್ದರು. ತೌಡಿಗೆ ಮಾರಿದ ಕಸವನ್ನು ಸಾವೂ ಮೂಸುವುದಿಲ್ಲ ಎಂಬ ನಂಬಿಕೆ. ಆಮೇಲೆ ಹೆತ್ತವರು ತೌಡು ಕೊಟ್ಟು ಬಿಡಿಸಿಕೊಳ್ಳಬೇಕು, ಅಲ್ಲಿಯ ತನಕ ಕೂಸು ಕೊಂಡವರದೇ. ಸಾಮಾನ್ಯವಾಗಿ ಇದೆಲ್ಲ ನಗುನಗುತ್ತಾ ಒಂದು ಗಳಿಗೆಯಲ್ಲಿ ಮುಗಿಯುವ ಶಾಸ್ತ್ರ. ಅಜ್ಜಿ ಬೇಕೆಂದೇ ಒಂದು ಗಳಿಗೆಯನ್ನು ಉದ್ದ ಮಾಡಿದಳು. ಮಾರಿದ ಮೇಲೆ ಕೂಸು ನಮ್ಮ ಮನೆಯದಲ್ಲ, ಅದು ಯಾರ ಎದೆಯ ಮೇಲಿದ್ದರೂ ಬೀಗರು ಕೇಳುವ ಹಾಗಿಲ್ಲ. ಶಾಸ್ತ್ರವನ್ನು ಶಾಸ್ತ್ರದಿಂದಲೇ ಕಟ್ಟಿಹಾಕಿದಳು, ಮಹಾರಾಯ್ತಿ.

ಬೋರಕ್ಕ ಪಕ್ಕದ ಮನೆಯಿಂದ ಅಚ್ಚೇರು ತೌಡು ತಂದಳು. ಬಂಡಿ ನಿಲ್ಲುವ ಕಡೆ ಇದ್ದ ತಿಪ್ಪೆಯ ಮೇಲೆ, ಇಳಿಬಿಸಿಲಿನಲ್ಲಿ, ಕಂಬಳಿ ಸುತ್ತಿದ ನನ್ನನ್ನು ಮೊರದಲ್ಲಿಟ್ಟು ಅಜ್ಜಿ ಕೇಳಿದಳು:

“ಈ ಕಸ ಯಾರಿಗೆ ಬೇಕು?”

“ನಂಗೆ ಬೇಕು.”

ಈ ಮಾತನ್ನು ಎಷ್ಟೋ ಜನ ಹೇಳಿದ್ದನ್ನು ತಾನು ಕೇಳಿದ್ದೆ, ಆದರೆ ಬೋರಕ್ಕ ಹೇಳಿದ ಹಾಗೆ ಯಾರೂ ಹೇಳಿರಲಿಲ್ಲ ಎಂದು ಅಜ್ಜಿಯೇ ಒಪ್ಪಿಕೊಂಡಿದ್ದಾಳೆ. “ಆಗ್ಲೆ ಗೊತ್ತಾಗ್ಬೇಕಿತ್ತು ನಂಗೆ” ಎನ್ನುತ್ತಿದ್ದಳು.

ಅಲ್ಲಿಂದ ಇಪ್ಪತ್ತು ದಿನ ನಾನು ಬೋರಕ್ಕನ ಕುಪ್ಪಸದೊಳಗೇ ಇದ್ದೆ. ನನ್ನನ್ನು ಎದೆಗೆ ಕಟ್ಟಿಕೊಂಡೇ ಕಸ ಗುಡಿಸುತ್ತಿದ್ದಳು, ನೀರು ಕಾಯಿಸುತ್ತಿದ್ದಳು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಬತ್ತಿಯ ಹಾಲು ಒಂದು ತೊಟ್ಟು ಹೆಚ್ಚು ನುಂಗಿದರೆ ಆಸ್ಪತ್ರೆಗೆಲ್ಲ ಸಾರಿ ಬರುತ್ತಿದ್ದಳು. ನಾನು ನಾಲ್ಕನೆಯ ದಿನಕ್ಕೆ ಕಾಲಿಟ್ಟಾಗ ಜಗಲಿಯ ಮೇಲೆ ಕೂತು ಗೊಳೋ ಎಂದು ಅತ್ತಳಂತೆ. ಯಾಕೆ ಎಂದು ಕೇಳಿದ ಅಜ್ಜಿಗೆ, “ಮೂರು ದಾಟ್ತು ಅಮ್ಮಾರೆ, ನನ್ನ ಕೂಸು ಮೂರು ದಾಟ್ತು” ಎಂದಳಂತೆ.

ಅವ್ವನ ಜ್ವರ ಹತ್ತನೆಯ ದಿನಕ್ಕೆ ಇಳಿಯಿತು. ಜ್ವರದ ಹಾಲು ನಂಜು ಎಂದು ಅಜ್ಜಿ ಅಲ್ಲಿಯ ತನಕ ಅದನ್ನು ಹಿಂಡಿ ಚೆಲ್ಲುತ್ತಿದ್ದಳು. ಅಂದಿನಿಂದ ಅದನ್ನೇ ಬಟ್ಟಲಿಗೆ ಹಿಂಡಿ ಬೋರಕ್ಕನ ಕೈಗೆ ಕೊಡತೊಡಗಿದಳು. ಒಂದೇ ಸೂರಿನಡಿ ಹೆತ್ತವಳು ಒಂದು ಕೋಣೆಯಲ್ಲಿ, ಕೊಂಡವಳು ಜಗಲಿಯಲ್ಲಿ. ಕೂಸು ಸತ್ತರೆ ಬೋರಕ್ಕನದಾಗಿ ಸಾಯುತ್ತದೆ. ಬದುಕಿದರೆ ಹೋಗುತ್ತದೆ. ಇದು ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಅವಳು ನನ್ನ ಬಾಯಿಗೆ ಒಂದೊಂದು ತೊಟ್ಟು ಹೆಚ್ಚು ಬಿಟ್ಟಳು.

ಇಪ್ಪತ್ತೊಂದನೆಯ ಬೆಳಿಗ್ಗೆ ಕುಪ್ಪಸದೊಳಗೆ ನಾನು ತಲೆ ಆಡಿಸತೊಡಗಿದೆ. ಬಾಯಿ ತೆರೆದು ಅತ್ತ ಇತ್ತ ಹುಡುಕಿದೆ, ಹುಡುಕಿದ್ದು ಸಿಕ್ಕಿತು, ಚೀಪಿದೆ. ಏನೂ ಬರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಜೋರಾಗಿ ಅತ್ತೆ.

ನನ್ನ ಮದುವೆಯ ಹಿಂದಿನ ವರ್ಷ ಬೋರಕ್ಕನನ್ನು ಕೇಳಿದ್ದೆ, ಆಗ ನಿನಗೆ ಏನನ್ನಿಸಿತು ಎಂದು. ಅವಳು ಆ ಒಂದು ಸಲ ನಗಲಿಲ್ಲ. “ಏನನ್ನಿಸ್ತದೆ? ನನ್ನತ್ರ ಬಿಸಿ ಇತ್ತು, ಹಾಲಿರ್ಲಿಲ್ಲ” ಎಂದಳು.

ಯಾರೂ ಹೇಳುವ ಮೊದಲೇ ಅವಳು ಎದ್ದು ಕೋಣೆಗೆ ಹೋಗಿ, ನನ್ನನ್ನು ಅವ್ವನ ಎದೆಗೆ ಹಚ್ಚಿದಳು. ನಾನು ಕುಡಿದೆ. ಅವ್ವ ಅಳುತ್ತಿದ್ದಳು, ಅಜ್ಜಿ ಶಿವ ಶಿವ ಎನ್ನುತ್ತಿದ್ದಳು. ಬೋರಕ್ಕ ನನ್ನ ಅಂಗಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು.

ಮತ್ತೆ ಎಂಟು ದಿನ ನೋಡಿ ಡಾಕ್ಟರು ಹೋಗಬಹುದು ಎಂದರು. ಬಂಡಿ ಬಂತು. ಅಜ್ಜಿ ಶಾಸ್ತ್ರದಲ್ಲಿ ಚೂರೂ ತಪ್ಪುವವಳಲ್ಲ, ಮೊರದ ತುಂಬ ತೌಡು ತರಿಸಿ, ಮೇಲೆ ಒಂದು ಸೀರೆಯಿಟ್ಟು, ಬೋರಕ್ಕನ ಮುಂದೆ ಹಿಡಿದಳು. “ತಗ ಬೋರಕ್ಕ. ನಮ್ಮ ಕೂಸನ್ನ ನಮಗೆ ಬಿಟ್ಕೊಡು.”

ಬೋರಕ್ಕ ಬಂಡಿಯಲ್ಲಿ ಕೂತಿದ್ದ ಅವ್ವನ ಮಡಿಲಿಗೆ ನನ್ನನ್ನು ಹಾಕಿ, ಸುತ್ತ ಕಂಬಳಿ ಒತ್ತಿದಳು. ಮೊರಕ್ಕೆ ಕೈ ಚಾಚಲಿಲ್ಲ.

“ಕರ್ಕೊಂಡು ಹೋಗ್ರಿ ಅಮ್ಮಾರೆ. ಹಾಲು ಕುಡ್ಸಿ, ಚೆಂದಾಗಿ ಸಾಕ್ರಿ. ಸಾಕಾಕೆ ಅಂತ ಕೊಡ್ತಿದೀನಿ. ತೌಡು ಮಾತ್ರ ಮುಟ್ಟಲ್ಲ, ಮುಟ್ಟಿದ್ರೆ ಮಾರ್ದಂಗಾತು.”

“ಹಂಗಲ್ಲ ಕಣೆ, ಶಾಸ್ತ್ರ ಐತೆ...”

“ಶಾಸ್ತ್ರನೇ ಹೇಳ್ತಿರಾದು ನಾನೂ. ಕೊಟ್ಟೋರು ನೀವು, ಕೊಂಡೋಳು ನಾನು. ನಾನು ಮಾರಲ್ಲ.”

ಹೇಳಿದವಳೇ ತಿರುಗಿ ಆಸ್ಪತ್ರೆಯ ಒಳಕ್ಕೆ ಹೋದಳು. ಅಜ್ಜಿ ಮೊರ ಹಿಡಿದು ಬೀದಿಯಲ್ಲಿ ಎಷ್ಟೋ ಹೊತ್ತು ನಿಂತಳು. ಕೊನೆಗೆ ತೌಡನ್ನು ಎತ್ತುಗಳ ಮುಂದೆ ಸುರಿದು, ಸೀರೆಯನ್ನು ಜಗಲಿಯ ಮೇಲಿಟ್ಟು ಬಂಡಿ ಹತ್ತಿದಳು.

ಬಂಡಿ ಊರು ದಾಟಿತು. ಒಂದು ಗುಂಡಿಗೆ ಇಳಿದು ಕುಲುಕಿದಾಗ ಅಜ್ಜಿ ಮಗಳ ಕಡೆ ತಿರುಗಿ ರೇಗಿದಳು.

“ಗಟ್ಟಿಯಾಗಿ ಹಿಡ್ಕಳೆ ವೀರೀ. ಅವಳ ಕೂಸು ಅದು.”