ಚಿಗವ್ವ ಮುಂಬಯಿಯಲ್ಲಿ ತುಂಬಿದ ಉಡಿ

ಕಳೆದ ವಾರ ಹಾವೇರಿಯ ಬಟ್ಟೆ ಅಂಗಡಿಯೊಂದರಲ್ಲಿ ನನ್ನ ಹೆಂಡತಿ ಖಣಗಳ ರಾಶಿಯನ್ನೇ ಬಿಚ್ಚಿಸಿಕೊಂಡು ಕೂತಿದ್ದಳು. ಹೊಸ ಖಣಕ್ಕೊಂದು ಗಂಜಿಯ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ಅಂಗಡಿಯಲ್ಲಿರಲಿಲ್ಲ. ದಾದರ್ ಸ್ಟೇಷನ್ನಿನ ಹೊರಗೆ, ಎದೆಗೆ ಚೀಲ ಅವುಚಿಕೊಂಡು ನಿಂತ ಚಿಗವ್ವನ ಪಕ್ಕದಲ್ಲಿದ್ದೆ…

ಚಿಗವ್ವ ಎಂದರೆ ಬ್ಯಾಡಗಿಯಲ್ಲಿ ನಮ್ಮ ಎದುರು ಮನೆಯಾಕೆ. ರಕ್ತಸಂಬಂಧವೇನೂ ಇಲ್ಲ, ಆದರೆ ಅವಳ ಕೈತುತ್ತು ತಿಂದು ಬೆಳೆದವನಿಗೆ ಬೇರೆ ಹೆಸರು ಬೇಕಾಗಿರಲಿಲ್ಲ. ಅವಳ ಒಬ್ಬಳೇ ಮಗಳು ಮುಂಬಯಿಯಲ್ಲಿ ನರ್ಸ್ ಆಗಿದ್ದವಳು ಅಲ್ಲೇ ಪಂಜಾಬಿ ಹುಡುಗನನ್ನು ಮದುವೆಯಾಗಿದ್ದಳು. ಚಿಗವ್ವನ ಗಂಡನ ಸಿಟ್ಟಿಗೆ ಹೆದರಿ ಮನೆಯಿಂದ ಒಬ್ಬರೂ ಮದುವೆಗೆ ಹೋಗಿರಲಿಲ್ಲ. ಮಗಳಿಗೆ ಏಳು ತಿಂಗಳು ಎಂದು ಫೋನ್ ಬಂದಾಗ ಮಾತ್ರ ಚಿಗವ್ವ ಹಟ ಹಿಡಿದಳು: ತಾನು ಹೋಗಿ ಉಡಿ ತುಂಬಲೇಬೇಕು. ಬಸುರಿಯ ಮಡಿಲಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಖಣ ಹಾಕಿ ಹರಸದೆ ಬಿಡುವ ತಾಯಿ ನಮ್ಮ ಕಡೆ ಇಲ್ಲ. ಮೆಣಸಿನಕಾಯಿ ವ್ಯಾಪಾರಕ್ಕೆ ನಾನು ಆಗಾಗ ಮುಂಬಯಿಗೆ ಹೋಗುತ್ತಿದ್ದೆ. ಹಾಗಾಗಿ ಜೊತೆಗೆ ಹೊರಟೆ.

ಬೀಗರ ಮನೆ ಸಯನ್ ಕೋಳಿವಾಡದಲ್ಲಿತ್ತು. ಟ್ಯಾಕ್ಸಿ ಕರೆದರೆ ಚಿಗವ್ವ ಹತ್ತಲೊಲ್ಲಳು.

"ನಡಕೋಂತ ಹೋಗೂಣು ತಮ್ಮಾ. ಅವರು ಎಂಥಾ ಮಂದಿನೋ ಏನೋ. ಉಡಿ ಅಂದ್ರ ಏನಂತ ಕೇಳಿ ನಕ್ಕರ ಏನ್ ಮಾಡ್ಲಿ?"

ಆ ಮನೆಯ ಬಾಗಿಲು ಬಡಿಯುವ ಗಳಿಗೆಯನ್ನು ಅವಳು ಮುಂದೂಡುತ್ತಿದ್ದಳು. ನಾನೂ ಜೊತೆಗೆ ಹೆಜ್ಜೆ ಹಾಕಿದೆ.

ಮೊದಲು ಸಿಕ್ಕಿದ್ದು ಪಾರ್ಸಿಗಳ ಕಾಲನಿ. ದೊಡ್ಡ ಮರಗಳ ನೆರಳು, ಅಷ್ಟು ದೊಡ್ಡ ಊರಿನ ನಡುವೆ ಅಂಥ ನಿಶ್ಶಬ್ದ. ಒಂದು ಹೊಸ್ತಿಲ ಮುಂದೆ ಬಿಳಿ ಪುಡಿಯ ಚಿತ್ತಾರ ಕಂಡು ಚಿಗವ್ವ ನಿಂತೇಬಿಟ್ಟಳು. ಇವರ ಹಿರಿಯರು ಇರಾನಿನಿಂದ ಸಮುದ್ರ ದಾಟಿ ಬಂದವರು, ರಂಗೋಲಿ ಇಲ್ಲಿ ಬಂದ ಮೇಲೆ ಕಲಿತಿರಬಹುದು ಎಂದೆ.

"ಹಂಗಾರ ಯಾರರ ಬಾಗಲಕ್ಕ ಕರದು ಕಲಿಸಿರಬೇಕಲ್ಲ," ಎಂದಳು.

ಮಾಟುಂಗಾದಲ್ಲಿ ಮಲ್ಲಿಗೆ, ಕಾಫಿ, ತಮಿಳು. ಒಂದೇ ಕಟ್ಟಡದ ಕೆಳಗೆ ಕಛ್ ಕಡೆಯವರ ಕಿರಾಣಿ ಅಂಗಡಿ, ಮೇಲೆ ವೀಣೆಯ ಪಾಠ. ಓಣಿ ಹೊರಳಿದಂತೆ ಭಾಷೆ ಬದಲಾಗುತ್ತಿತ್ತು, ಒಗ್ಗರಣೆಯ ವಾಸನೆ ಬದಲಾಗುತ್ತಿತ್ತು. ಚಿಗವ್ವ ಜಾತ್ರೆಗೆ ಬಂದ ಕೂಸಿನಂತೆ ಬಾಯಿ ತೆರೆದುಕೊಂಡು ನಡೆದಳು. ಎಷ್ಟೋ ಸಲ ಆ ಬೀದಿಗಳಲ್ಲಿ ಓಡಾಡಿದ್ದ ನಾನೂ ಅಂದೇ ಅವನ್ನು ಕಣ್ಣುಬಿಟ್ಟು ನೋಡಿದೆ. ಇಷ್ಟೊಂದು ಊರುಗಳಿಂದ ಬಂದ ಇಷ್ಟೊಂದು ಜನ, ಗೋಡೆಗೆ ಗೋಡೆ ತಾಗಿಸಿಕೊಂಡು… ಮೈ ಜುಮ್ಮೆಂದಿತು.

ಕೋಳಿವಾಡ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕರಿದ ಮೀನಿನ ವಾಸನೆಗೆ ಸೆರಗು ಮೂಗಿಗೆ ಹಿಡಿದಿದ್ದ ಚಿಗವ್ವ ಒಮ್ಮೆಲೇ ತಲೆಸುತ್ತಿ ಒಂದು ಬ್ಯೂಟಿ ಪಾರ್ಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗಿನಿಂದ ಒಬ್ಬ ಹುಡುಗಿ ಓಡಿಬಂದು ನೀರು ಕುಡಿಸಿದಳು, ಫ್ಯಾನಿನಡಿ ಕೂರಿಸಿದಳು. ಮಣಿಪುರದವಳಂತೆ. ತುಂಬು ಬಸುರಿ.

ಚಿಗವ್ವನ ಕಣ್ಣು ಅವಳ ಹೊಟ್ಟೆಯ ಮೇಲೇ ಇತ್ತು. "ಈಕಿ ಅವ್ವ ಎಲ್ಲದಾಳಂತ ಕೇಳೋ," ಎಂದಳು. ಕೇಳಿದೆ. ಊರಲ್ಲಿದ್ದಾಳೆ, ಬಹಳ ದೂರ, ಬರಲಾಗುವುದಿಲ್ಲ ಎಂದಳು ಹುಡುಗಿ.

ಚಿಗವ್ವ ಚೀಲ ಬಿಚ್ಚಿದಳು. ಬೇಡ, ಮಗಳಿಗೆ ತಂದದ್ದು ಎಂದು ನಾನು ತಡೆಯಲು ಹೋದರೆ, "ಸುಮ್ಮನಿರು. ಬಸುರಿ ಕೈಯಾನ ನೀರು ಕುಡದು ಹಂಗ ಎದ್ದು ಹೋಗಂತೀಯೇನು?" ಎಂದು ಗದರಿದಳು. ಪ್ಯಾಂಟು ಶರ್ಟು ತೊಟ್ಟ ಹುಡುಗಿಗೆ ಸೆರಗೆಲ್ಲಿಯದು? ಕೆಲಸದ ಏಪ್ರನ್ನನ್ನೇ ಒಡ್ಡಿದಳು. ಅಕ್ಕಿ, ಕೊಬ್ಬರಿ, ಖಣ, ಎಲ್ಲ ಅದರೊಳಗೆ ಬಿದ್ದವು. ಏನು ನಡೆಯುತ್ತಿದೆ ಎಂದು ಆ ಹುಡುಗಿಗೆ ತಿಳಿಯಿತೋ ಇಲ್ಲವೋ… ಅವಳು ಅತ್ತದ್ದಂತೂ ನಿಜ.

ಬರಿಗೈಯಲ್ಲಿ ಬೀಗರ ಬಾಗಿಲು ಬಡಿದೆವು. ತೆರೆದವರು ಬೀಗತಿಯೇ, ಎತ್ತರದ, ಬಿಗುವಾದ ಮುಖದ ಹೆಂಗಸು. ಹಿಂದೆ ಮಗಳು. ಚಿಗವ್ವ ಮಗಳ ಮುಖವನ್ನೂ ನೋಡದೆ, ಉಡಿಯ ಸಾಮಾನು ದಾರಿಯಲ್ಲಿ ಕೊಟ್ಟುಬಿಟ್ಟೆ ಎಂದು ತಪ್ಪಿತಸ್ಥಳಂತೆ ಒದರಿದಳು. ನಾನು ಹಿಂದಿಯಲ್ಲಿ ಹೇಳಿದೆ. ಬೀಗತಿ ತಿರುಗಿ ಒಳಗೆ ಹೋದರು. ಚಿಗವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಅವರು ಹೊರಗೆ ತಂದದ್ದು ಒಂದು ತಟ್ಟೆ. ಅಕ್ಕಿ, ತೆಂಗಿನಕಾಯಿ, ಕೆಂಪು ಬಟ್ಟೆ. ತಮ್ಮಲ್ಲೂ ಬಸುರಿಯ ಮಡಿಲು ತುಂಬುತ್ತಾರೆ, ತಾಯಿ ಬಂದಾಳೆಂದು ಇಷ್ಟು ದಿನ ಕಾದಿದ್ದೆ ಎಂದರು.

"ಇವರೂ ತುಂಬತಾರಂತ ತಮ್ಮಾ!" ಎಂದಳು ಚಿಗವ್ವ. ಆ ದನಿಯಲ್ಲಿದ್ದ ಬೆರಗನ್ನು ನಾನು ಬೇರೆಲ್ಲೂ ಕೇಳಿಲ್ಲ. ಇಬ್ಬರೂ ಕೂಡಿ ಮಗಳ ಉಡಿ ತುಂಬಿದರು. ಮಗಳು ಬಿಕ್ಕುತ್ತಲೇ ಇದ್ದಳು.

ಹೋದ ವರ್ಷ ಚಿಗವ್ವ ತೀರಿಕೊಂಡಳು. ಮಗಳು, ಅಳಿಯನ ಜೊತೆ ಬೀಗತಿಯೂ ಬ್ಯಾಡಗಿಗೆ ಬಂದರು. ಮುತ್ತೈದೆಯನ್ನು ಮಣ್ಣಿಗೆ ಒಯ್ಯುವ ಮುನ್ನ ತವರಿನವರು ಉಡಿ ತುಂಬಬೇಕು. ಮೋಟೆಬೆನ್ನೂರಿನ ಅವಳ ತವರಿನಲ್ಲಿ ಯಾರೂ ಉಳಿದಿರಲಿಲ್ಲ.

"ತವರುಮನಿಯವ್ರು ಯಾರದೀರಿ, ಮುಂದ ಬರ್ರಿ," ಎಂದು ಓಣಿಯ ಹಿರಿಯಳೊಬ್ಬಳು ಕರೆದಳು. ಯಾರೂ ಕದಲಲಿಲ್ಲ. ಏನು ಕೇಳುತ್ತಿದ್ದಾರೆ ಎಂದು ಬೀಗತಿ ಸೊಸೆಯನ್ನು ವಿಚಾರಿಸಿದರು. ಅವಳು ಅಳುತ್ತಲೇ ಹೇಳಿದಳು.

ಬೀಗತಿ ದುಪ್ಪಟ್ಟಾ ತಲೆಯ ಮೇಲೆಳೆದುಕೊಂಡು ಮುಂದೆ ಬಂದರು. "ಮೈಂ ಹೂಂ," ನಾನಿದ್ದೇನೆ ಎಂದರು.

ಹಿರಿಯಳು ಅಕ್ಕಿಯ ಮೊರವನ್ನು ಅವರ ಕೈಗೆ ಕೊಟ್ಟಳು.

ಈಗಲೂ ವ್ಯಾಪಾರಕ್ಕೆ ಮುಂಬಯಿಗೆ ಹೋಗುತ್ತೇನೆ. ಕೆಲಸ ಮುಗಿದ ಮೇಲೆ ಆ ಓಣಿಗಳಲ್ಲಿ ಒಬ್ಬನೇ ತಿರುಗುತ್ತೇನೆ. ನೋಡಿದಷ್ಟೂ ಬೆರಗು ಮುಗಿಯುವುದಿಲ್ಲ. ತೋಳು ಹಿಡಿದು ಜಗ್ಗಿ ತೋರಿಸೋಣವೆಂದರೆ ಚಿಗವ್ವ ಇಲ್ಲ.